ಸೋಲುವ ಕೆಲಸ: ಬ್ಯಾರಿ ಹೊರೊವಿಟ್ಜ್ ಮತ್ತು ಪೋಸ್ಟರ್‌ನಲ್ಲಿ ಇಲ್ಲದವರು

(ಮೈಸೂರಿನಲ್ಲಿ ಗೆಳೆಯರ ಬಳಗವೊಂದರ ಎದುರು ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡು ಆಡಿದವರು ತುಂಬಾ ಜನ ಇದ್ದೀರಿ ಅಂತ ಮುಖ ನೋಡಿದರೇ ಗೊತ್ತಾಗುತ್ತದೆ. ಡಬ್ಲ್ಯುಡಬ್ಲ್ಯುಎಫ್ ಅಂದರೆ ಇವತ್ತಿನ ಡಬ್ಲ್ಯುಡಬ್ಲ್ಯುಇ, ಅಮೆರಿಕದ ಟಿವಿ ಕುಸ್ತಿಯ ಕಂಪನಿ. ಆ ಕಾರ್ಡಿನಲ್ಲಿ ಏನೇನಿತ್ತು? ರ‍್ಯಾಂಕು, ಎತ್ತರ, ತೂಕ, ಎದೆ ಸುತ್ತಳತೆ, ಬೈಸೆಪ್ಸ್. ಜೊತೆಗೆ ಆಡಿದ ಪಂದ್ಯ ಎಷ್ಟು, ಗೆದ್ದದ್ದು ಎಷ್ಟು ಅನ್ನುವ ಲೆಕ್ಕ. ಆ ಕಂಪನಿಯ ದೊಡ್ಡ ಸ್ಟಾರ್ ಹಲ್ಕ್ ಹೋಗನ್ ಬಂದರೆ ಮುಗೀತು, ಎದುರಿನವನ ಕಾರ್ಡು ನಮ್ಮದೇ. ಆದರೆ ಗೆದ್ದವನು ಯಾರನ್ನೋ ಸೋಲಿಸಿಯೇ ಗೆದ್ದಿರಬೇಕಲ್ವಾ? ಇಷ್ಟು ಗೆಲುವಿಗೆ ಅಷ್ಟೇ ಸೋಲು ಎಲ್ಲೋ ಬಿದ್ದಿರಬೇಕು. ಆ ಸೋಲೆಲ್ಲ ಯಾರ ಖಾತೆಗೆ ಹೋಯಿತು? ಇವತ್ತಿನ ಮಾತು ಅದರ ಬಗ್ಗೆ.

ಆ ಖಾತೆದಾರರಲ್ಲಿ ಒಬ್ಬನನ್ನು ಆರಿಸಿಕೊಂಡಿದ್ದೇನೆ. ಹೆಸರು ಬ್ಯಾರಿ ಹೊರೊವಿಟ್ಜ್. ಊರು ಅಮೆರಿಕದ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್. ಕ್ರಿಕೆಟಿಗರನ್ನೂ ಸಿನಿಮಾ ನಟರನ್ನೂ ಏಕವಚನದಲ್ಲಿ ಕರೆಯುವ ಸಲಿಗೆ ನಮಗಿದೆ. ಅದೇ ಸಲಿಗೆಯಲ್ಲಿ ಇವನನ್ನೂ 'ಅವನು' ಅನ್ನುತ್ತೇನೆ, ಅಗೌರವ ಅಂದುಕೊಳ್ಳಬೇಡಿ.

ಮೊದಲು ಆ ಕಾಲದ ವ್ಯಾಪಾರ ಹೇಗೆ ನಡೆಯುತ್ತಿತ್ತು ಅಂತ ತಿಳಿದುಕೊಂಡರೆ ಒಳ್ಳೆಯದು. ಯಾಕೆಂದರೆ ಹೊರೊವಿಟ್ಜ್‌ನ ಕೆಲಸ ಹುಟ್ಟಿದ್ದೇ ಆ ವ್ಯಾಪಾರದ ಲೆಕ್ಕದಿಂದ.

80ರ ದಶಕದಲ್ಲಿ ಡಬ್ಲ್ಯುಡಬ್ಲ್ಯುಎಫ್‌ಗೆ ಟಿವಿ ಕಾರ್ಯಕ್ರಮ ಅಂದರೆ ಜಾಹೀರಾತು. ದುಡ್ಡು ಬರುತ್ತಿದ್ದದ್ದು ಹೆಚ್ಚಾಗಿ ಊರೂರಿನ ಕ್ರೀಡಾಂಗಣಗಳ ಟಿಕೆಟ್ಟಿನಿಂದ. ಹೋಗನ್ ಮತ್ತು ಅವನಿಗೆ ಸಮನಾದ ವಿಲನ್ ಹೊಡೆದಾಡುವುದನ್ನು ಟಿವಿಯಲ್ಲಿ ಪುಕ್ಕಟೆ ತೋರಿಸಿಬಿಟ್ಟರೆ ಟಿಕೆಟ್ ಯಾರು ಕೊಳ್ಳುತ್ತಾರೆ? ಹಾಗಾಗಿ ಟಿವಿಯಲ್ಲಿ ದೊಡ್ಡವನು ದೊಡ್ಡವನ ಜೊತೆ ಆಡುವುದೇ ಅಪರೂಪ. ದೊಡ್ಡವನು ಬರುತ್ತಾನೆ, ಎದುರಿಗೆ ಆಗಲೇ ರಿಂಗಿನಲ್ಲಿ ನಿಂತಿರುವ ಒಬ್ಬ ಸಾಧಾರಣ ಮೈಕಟ್ಟಿನವನನ್ನು ಮೂರು ನಿಮಿಷದಲ್ಲಿ ಪುಡಿ ಮಾಡುತ್ತಾನೆ. ಆಮೇಲೆ ಮೈಕಿನ ಮುಂದೆ ನಿಂತು, ಮುಂದಿನ ವಾರ ನಿಮ್ಮೂರಿಗೆ ಬರುತ್ತೇನೆ ಅಂತ ಗುಡುಗುತ್ತಾನೆ. ಈ ಒಮ್ಮುಖ ಪಂದ್ಯಕ್ಕೆ ಅವರ ಭಾಷೆಯಲ್ಲಿ ಸ್ಕ್ವಾಷ್. ಸೋಲುವವನು ಜಾಬರ್.

ಇದನ್ನು ವಾರವಾರ ಚಿತ್ರೀಕರಿಸುತ್ತಿರಲಿಲ್ಲ. ಮೂರು ವಾರದ ಕಂತುಗಳನ್ನು ಒಂದೇ ರಾತ್ರಿ ಮುಗಿಸುತ್ತಿದ್ದರು. ಜನ ಮೂರು ನಾಲ್ಕು ಗಂಟೆ ಕೂತಿರುತ್ತಿದ್ದರು. ಒಂದೇ ಜಾಬರ್ ಒಂದೇ ರಾತ್ರಿ ಬೇರೆ ಬೇರೆಯವರ ಕೈಯಲ್ಲಿ ಎರಡು ಸಲ ಸೋತರೂ ಮನೆಯಲ್ಲಿ ಟಿವಿ ನೋಡುವವನಿಗೆ ಅದು ಎರಡು ವಾರದ ಸೋಲು. ಜಾಬರ್‌ಗಳಲ್ಲಿ ಕೆಲವರು ಆಯಾ ಊರಿನಲ್ಲಿ ಒಂದು ರಾತ್ರಿಗೆ ಬಂದು ಹೋಗುವವರು. ಇನ್ನು ಕೆಲವರು ಕಂಪನಿಯ ಜೊತೆಯೇ ಊರೂರು ಸುತ್ತುವವರು. ಹೊರೊವಿಟ್ಜ್ ಎರಡನೇ ಗುಂಪಿನವನು. ಈ ಗುಂಪೇ ನನಗೆ ಜಾಸ್ತಿ ಇಷ್ಟ. ಯಾಕೆ ಅಂತ ಹೇಳುತ್ತೇನೆ.

ಹೊರೊವಿಟ್ಜ್ ಕಲಿತದ್ದು ಬೋರಿಸ್ ಮಲೆಂಕೊ ಹತ್ತಿರ. ಹೆಸರು ಕೇಳಿ ರಷ್ಯದವನು ಅಂದುಕೊಳ್ಳಬೇಡಿ. ಮಲೆಂಕೊ ನಿಜ ಹೆಸರು ಲ್ಯಾರಿ ಸೈಮನ್. ನ್ಯೂಜೆರ್ಸಿಯ ಯಹೂದಿ. ಶೀತಲ ಸಮರದ ಕಾಲದಲ್ಲಿ ರಷ್ಯದ ದುಷ್ಟ 'ಪ್ರೊಫೆಸರ್' ವೇಷ ಹಾಕಿ ಫ್ಲಾರಿಡಾದ ಜನರಿಂದ ಉಗಿಸಿಕೊಂಡು ಬದುಕಿದವನು. ವಯಸ್ಸಾದ ಮೇಲೆ ಟ್ಯಾಂಪಾದಲ್ಲಿ ಹುಡುಗರಿಗೆ ಕುಸ್ತಿ ಕಲಿಸಿದ. ಅಲ್ಲಿ ಬರೀ ಬೀಳುವುದನ್ನು ಕಲಿಸುತ್ತಿರಲಿಲ್ಲ. ನಿಜವಾದ ಪಟ್ಟುಗಳನ್ನೂ ಕಲಿಸುತ್ತಿದ್ದರು. ಕೈ ತಿರುವಿದರೆ ಎದುರಿನವನು ನಿಜಕ್ಕೂ ಕೂಗಿಕೊಳ್ಳುವಂಥ ಪಟ್ಟು. ಮಲೆಂಕೊನ ಮಕ್ಕಳು ಜೋ ಮತ್ತು ಡೀನ್ ಇಬ್ಬರೂ ಆಮೇಲೆ ಹೆಸರು ಮಾಡಿದರು.

70ರ ದಶಕದ ಕೊನೆಗೆ ಹೊರೊವಿಟ್ಜ್ ರಿಂಗಿಗೆ ಇಳಿದ. ಆಗ ಅಮೆರಿಕದ ಕುಸ್ತಿ ವ್ಯಾಪಾರ ಸೀಮೆ ಸೀಮೆಯಾಗಿ ಹಂಚಿಹೋಗಿತ್ತು. 1948ರಲ್ಲಿ ಅಯೋವಾದ ವಾಟರ್ಲೂನಲ್ಲಿ ಕೆಲವು ಪ್ರೊಮೋಟರ್‌ಗಳು ಕೂತು ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಅಂತ ಕಟ್ಟಿಕೊಂಡಿದ್ದರು. ನಿನ್ನ ಸೀಮೆಗೆ ನಾನು ಬರಲ್ಲ, ನನ್ನದಕ್ಕೆ ನೀನು ಬರಬೇಡ ಅನ್ನುವುದು ಅದರ ತಿರುಳು. ಪೈಲ್ವಾನರು ಮಾತ್ರ ಸೀಮೆ ದಾಟಬಹುದು. ಒಂದು ಕಡೆ ಕೆಲವು ತಿಂಗಳು ಆಡಿ, ಮುಖ ಹಳಸಿದ ಮೇಲೆ ಇನ್ನೊಂದು ಕಡೆ ಹೋಗುವುದು. ಹೊರೊವಿಟ್ಜ್ ಫ್ಲಾರಿಡಾದಲ್ಲಿ ಜ್ಯಾಕ್ ಹಾರ್ಟ್ ಅನ್ನುವ ಹೆಸರಿನಲ್ಲೂ ಆಡಿದ. ಆಮೇಲೆ ವಿನ್ಸ್ ಮೆಕ್‌ಮೆಹನ್‌ನ ಡಬ್ಲ್ಯುಡಬ್ಲ್ಯುಎಫ್ ಕೇಬಲ್ ಟಿವಿ ಹಿಡಿದುಕೊಂಡು ಎಲ್ಲರ ಸೀಮೆಗೂ ನುಗ್ಗಿತು. 1987ರ ಹೊತ್ತಿಗೆ ಫ್ಲಾರಿಡಾದ ಹಳೇ ಕಂಪನಿಯೂ ಮುಳುಗಿತ್ತು. ಹೊರೊವಿಟ್ಜ್ ಆ ದಶಕದ ಕೊನೆಗೆ ಡಬ್ಲ್ಯುಡಬ್ಲ್ಯುಎಫ್ ಸೇರಿದ. ಸೋಲಲು.

ಇಲ್ಲಿ ಮುಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು. ಕೇಳಿದವರು ಚಿಕ್ಕಂದಿನಲ್ಲಿ ಗರಡಿಯಲ್ಲಿ ಸಾಮು ಮಾಡಿದ ಹಿರಿಯರು. "ಅಲ್ಲಪ್ಪಾ, ನಾವು ದಸರಾ ಕುಸ್ತಿಗೆ ಜೋಡಿ ಕಟ್ಟುವಾಗ ತೂಕ ನೋಡ್ತೀವಿ, ಹಿಂದಿನ ಕುಸ್ತಿ ನೋಡ್ತೀವಿ. ಸಮಸಮ ಇದ್ರೇನೇ ಜೋಡಿ. ನೀನು ಹೇಳ್ತಿರೋದು ಪೂರಾ ಉಲ್ಟಾ. ಸುಳ್ಳು ಕುಸ್ತಿಗೆ ಇಷ್ಟೆಲ್ಲ ಕಲಿಯೋದೇನಿದೆ?"

ಯಜಮಾನರು ಕೇಳಿದ್ದು ಸರಿಯಾದ ಪ್ರಶ್ನೆ. ಗೆಲ್ಲುವವರು ಯಾರು ಅನ್ನುವುದು ಮೊದಲೇ ತೀರ್ಮಾನ ಆಗಿರುತ್ತದೆ, ಅದರಲ್ಲಿ ಗುಟ್ಟೇನಿಲ್ಲ. 1989ರಲ್ಲಿ ಮೆಕ್‌ಮೆಹನ್ ಕಂಪನಿಯೇ ನ್ಯೂಜೆರ್ಸಿ ಸರ್ಕಾರದ ಮುಂದೆ, ನಮ್ಮದು ಕ್ರೀಡೆ ಅಲ್ಲ, ಮನರಂಜನೆ ಅಂತ ಒಪ್ಪಿಕೊಂಡಿತು. ಸತ್ಯದ ಮೇಲಿನ ಪ್ರೀತಿಯಿಂದ ಅಲ್ಲ. ಕ್ರೀಡೆ ಅಂದರೆ ಕ್ರೀಡಾ ಆಯೋಗದ ಕಣ್ಗಾವಲು ಇರುತ್ತದೆ, ತೆರಿಗೆ ಇರುತ್ತದೆ. ಅದನ್ನು ತಪ್ಪಿಸಿಕೊಳ್ಳಲು.

ಆದರೆ ಬೀಳುವುದು ಸುಳ್ಳಲ್ಲ. ರಿಂಗ್ ಅಂದರೆ ಕಬ್ಬಿಣದ ತೊಲೆ, ಅದರ ಮೇಲೆ ಮರದ ಹಲಗೆ, ಅದರ ಮೇಲೆ ತೆಳ್ಳನೆಯ ಫೋಮು, ಮೇಲೊಂದು ಕ್ಯಾನ್ವಾಸು. ಅಷ್ಟೇ. ನಮ್ಮ ಮಟ್ಟಿಯ ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಮೆತ್ತಗೆ ಮಾಡಿರುತ್ತೇವೆ. ಅಲ್ಲಿ ಅದಿಲ್ಲ. ಬೀಳುವಾಗ ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ಇಲ್ಲದಿದ್ದರೆ ತಲೆಯ ಹಿಂಭಾಗ ಹಲಗೆಗೆ ಬಡಿಯುತ್ತದೆ. ಮೇಲ್ಬೆನ್ನು ಪೂರ್ತಿ ಒಂದೇ ಸಲ ತಾಗಬೇಕು. ಕೈ ಎರಡನ್ನೂ ಚಾಚಿ ಬಡಿಯಬೇಕು. ಉಸಿರು ಬಿಡಬೇಕು. ಇದಕ್ಕೆ ಬಂಪ್ ಅನ್ನುತ್ತಾರೆ. ಹೊಡೆತದ ನೋವನ್ನು ಕೊನೇ ಸಾಲಿನಲ್ಲಿ ಕೂತವನಿಗೂ ಕಾಣುವ ಹಾಗೆ ತೋರಿಸುವುದಕ್ಕೆ ಸೆಲ್ ಮಾಡುವುದು ಅನ್ನುತ್ತಾರೆ.

ಕನ್ನಡ ಸಿನಿಮಾದಲ್ಲಿ ನಾಯಕ ಒಂದು ಏಟು ಕೊಟ್ಟರೆ ಹಾರಿ ಹೋಗಿ ಬೀಳುವ ಫೈಟರ್‌ಗಳನ್ನು ನೆನಪಿಸಿಕೊಳ್ಳಿ. ನಾಯಕನ ಕೈಗೆ ಬಲ ಬರುವುದು ಅವರು ಬೀಳುವ ರೀತಿಯಿಂದ. ಹೊರೊವಿಟ್ಜ್ ಮಾಡುತ್ತಿದ್ದದ್ದು ಅದೇ. ವ್ಯತ್ಯಾಸ ಅಂದರೆ ಸಿನಿಮಾದಲ್ಲಿ ಕ್ಯಾಮೆರಾ ಕೋನ ಇದೆ, ಕೆಳಗೆ ಹಾಸಿಗೆ ಇದೆ, ಸರಿ ಬರದಿದ್ದರೆ ಒನ್ ಮೋರ್ ಇದೆ. ಇಲ್ಲಿ ನಾಲ್ಕೂ ಕಡೆ ಜನ, ಒಂದೇ ಟೇಕು.

ಸಿನಿಮಾ ಅಂದಾಗ ನೆನಪಾಯಿತು. 1996ರಲ್ಲಿ ಅಕ್ಷಯ್ ಕುಮಾರ್ ಒಂದು ಹಿಂದಿ ಸಿನಿಮಾದಲ್ಲಿ ಡಬ್ಲ್ಯುಡಬ್ಲ್ಯುಎಫ್ ಸ್ಟಾರ್ ಅಂಡರ್‌ಟೇಕರ್‌ನನ್ನು ಹೊಡೆದದ್ದು ಎಷ್ಟು ಶಾಲೆಗಳಲ್ಲಿ ಎಷ್ಟು ಜಗಳಕ್ಕೆ ಕಾರಣ ಆಯಿತು! ಅದು ಅಂಡರ್‌ಟೇಕರ್ ಅಲ್ಲವೇ ಅಲ್ಲ. ಬ್ರಯನ್ ಲೀ ಅನ್ನುವ ಇನ್ನೊಬ್ಬ ಊರೂರು ಸುತ್ತುವ ಪೈಲ್ವಾನ್. 1994ರ ಸಮ್ಮರ್‌ಸ್ಲ್ಯಾಮ್ ಅನ್ನುವ ದೊಡ್ಡ ಪ್ರದರ್ಶನದಲ್ಲಿ ನಕಲಿ ಅಂಡರ್‌ಟೇಕರ್ ಆಗಿ ಬಂದು ಅಸಲಿಯ ಕೈಲಿ ಸೋತವನೂ ಅವನೇ. ನಮ್ಮ ದೇಶದಲ್ಲಿ ಇಂಥ ಪೈಲ್ವಾನರಲ್ಲಿ ಅತಿ ಹೆಚ್ಚು ಜನ ನೋಡಿದ್ದು ಬಹುಶಃ ಅವನನ್ನೇ, ಅದೂ ಬೇರೆಯವನ ಹೆಸರಿನಲ್ಲಿ.

ಕಸುಬಿನ ಮಾತಿಗೆ ವಾಪಸ್ ಬರೋಣ. ಅಮೆರಿಕದ ಕುಸ್ತಿಯಲ್ಲಿ ಎಲ್ಲವೂ ಎಡಗಡೆ. ಕತ್ತು ಹಿಡಿಯುವುದು ಎಡಗೈಯಲ್ಲಿ, ತಿರುವುವುದು ಎದುರಿನವನ ಎಡಗೈ, ಎಡಗಾಲು. ಮೆಕ್ಸಿಕೊದಲ್ಲಿ ಪೂರ್ತಿ ಬಲಗಡೆ. ಗೊತ್ತಿಲ್ಲದವನು ಒಂದು ಗಳಿಗೆ ತಡವರಿಸಿದರೆ ಯಾರದಾದರೂ ಮೊಣಕಾಲು ಹೋಗುತ್ತದೆ. ರೂಢಿಯಂತೆ ಆಟ ನಡೆಸುವವನು ವಿಲನ್, ಅಂದರೆ ಹೀಲ್. ಮುಂದೇನು ಅಂತ ಕಿವಿಯಲ್ಲಿ ಹೇಳುತ್ತಾ ಹೋಗುತ್ತಾನೆ. ಅದಕ್ಕೇ ಅವರು ಅಷ್ಟು ಸಲ ಕತ್ತು ತಬ್ಬಿಕೊಂಡು ಬಿದ್ದಿರುವುದು. ಸುಮ್ನೆ ಸುಸ್ತಾಗಿ ಅಲ್ಲ.

ಈಗ ಯೋಚಿಸಿ. ಕಂಪನಿಗೆ ಹೊಸದಾಗಿ ಒಬ್ಬ ದೈತ್ಯ ಬಂದಿದ್ದಾನೆ. ನೋಡಲು ಭರ್ಜರಿ, ಆದರೆ ಕೆಲಸ ಬರುವುದಿಲ್ಲ. ಅವನನ್ನು ಟಿವಿಯಲ್ಲಿ ಭಯಂಕರ ಅಂತ ತೋರಿಸಬೇಕು. ಯಾರ ಎದುರು ಬಿಡುತ್ತೀರಿ? ಒಂದು ರಾತ್ರಿಗೆ ಬಂದ ಹುಡುಗನ ಎದುರು ಬಿಟ್ಟರೆ ಇಬ್ಬರಲ್ಲಿ ಒಬ್ಬರು ಆಸ್ಪತ್ರೆಗೆ. ಹೊರೊವಿಟ್ಜ್ ಎದುರು ಬಿಟ್ಟರೆ ದೈತ್ಯ ಎತ್ತುವ ಮೊದಲೇ ಇವನು ಸರಿಯಾಗಿ ಜಿಗಿಯುತ್ತಾನೆ, ಎತ್ತಿದ ಭಾರ ಅರ್ಧ ಆಗುತ್ತದೆ. ಬೀಳಿಸುವುದು ತಪ್ಪಾದರೂ ಇವನು ಸರಿಯಾಗಿ ಬೀಳುತ್ತಾನೆ. ನೋಡುವವರಿಗೆ ದೈತ್ಯನ ಬಲ ಕಾಣುತ್ತದೆ, ಇವನ ಕೈಚಳಕ ಕಾಣುವುದಿಲ್ಲ. ಕಂಪನಿ ಸಂಬಳ ಕೊಡುತ್ತಿದ್ದದ್ದು ಆ ಕಾಣದ ಕೆಲಸಕ್ಕೆ. ಅದಕ್ಕೇ ಊರೂರು ಸುತ್ತುವ ಜಾಬರ್‌ಗಳು ನನಗೆ ಇಷ್ಟ ಅಂದದ್ದು.

ಸಂಬಳ ಅಂದೆ, ತಪ್ಪು ಪದ. ಅವರು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು ಅಂತ ಕಾಗದದಲ್ಲಿ ಬರೆದಿರುತ್ತದೆ. ಆಡಿದ ರಾತ್ರಿಗೆ ದುಡ್ಡು. ಊರಿಂದ ಊರಿಗೆ ಕಾರು, ಹೋಟೆಲು, ಊಟ ಹೆಚ್ಚಾಗಿ ಅವರದೇ ಖರ್ಚು. ಕಂಪನಿಯ ಆರೋಗ್ಯ ವಿಮೆ ಇಲ್ಲ. ನಾಲ್ಕು ಜನ ಒಂದೇ ಕಾರಿನಲ್ಲಿ, ಒಂದೇ ರೂಮಿನಲ್ಲಿ. ಈ ವಿಷಯದಲ್ಲಿ ದೊಡ್ಡ ಸ್ಟಾರ್‌ಗಳ ಕಾಗದವೂ ಹೀಗೇ ಇತ್ತು. ಅವರಿಗೆ ಬರುತ್ತಿದ್ದ ದುಡ್ಡು ಮಾತ್ರ ಬೇರೆ.

ಹೊರೊವಿಟ್ಜ್ ಒಬ್ಬನೇ ಅಲ್ಲ. ಆಂಟಿಗುವಾದ ಎಸ್.ಡಿ. ಜೋನ್ಸ್ ಇದ್ದ. 1985ರಲ್ಲಿ ರೆಸಲ್‌ಮೇನಿಯಾ ಅನ್ನುವ ಕಂಪನಿಯ ದೊಡ್ಡ ಪ್ರದರ್ಶನ ಮೊದಲ ಸಲ ನಡೆದಾಗ ಕಿಂಗ್ ಕಾಂಗ್ ಬಂಡಿ ಅವನನ್ನು 9 ಸೆಕೆಂಡಿನಲ್ಲಿ ಸೋಲಿಸಿದ ಅಂತ ಘೋಷಿಸಿದರು. ವಿಡಿಯೊ ಹಾಕಿ ಗಡಿಯಾರ ಹಿಡಿದರೆ ಇಪ್ಪತ್ತು ಸೆಕೆಂಡು ದಾಟುತ್ತದೆ. ಪಾಪ, ಸೋಲಿನಲ್ಲೂ ಅರ್ಧಕ್ಕರ್ಧ ಕಡಿತ. ಸ್ಟೀವ್ ಲೊಂಬಾರ್ಡಿ ಇದ್ದ, ಹರಿದ ಅಂಗಿಯ ಬ್ರೂಕ್ಲಿನ್ ಬ್ರಾಲರ್. 1983ರಿಂದ ಅದೇ ಕಂಪನಿಯಲ್ಲಿ. ಬಫೂನ್ ಡೊಯಿಂಕ್‌ನ ಬಣ್ಣ ಹಚ್ಚಿಕೊಂಡೂ ಆಡಿದ, ಆಮೇಲೆ ತೆರೆಮರೆಯ ಕೆಲಸಕ್ಕೆ ಸರಿದ, 2016ರವರೆಗೆ ಉಳಿದ.

ಹೊರೊವಿಟ್ಜ್‌ಗೆ ಒಂದು ವಿಶೇಷ ಇತ್ತು. ರಿಂಗಿನಲ್ಲಿ ಒಂದು ಸಣ್ಣ ಪಟ್ಟು ಸರಿಯಾಗಿ ಬಿದ್ದರೂ ಕೈಯನ್ನು ಹಿಂದಕ್ಕೆ ಮಡಚಿ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಿದ್ದ. ವಾರವಾರ ಸೋಲುವವನು ಶಭಾಷ್ ಅಂತ ತನಗೆ ತಾನೇ ಹೇಳಿಕೊಳ್ಳುವುದು! ಜನ ನಗುತ್ತಿದ್ದರು, ಉಗಿಯುತ್ತಿದ್ದರು. ಆದರೆ ನೆನಪಿಟ್ಟುಕೊಂಡರು. ಮೂರು ನಿಮಿಷದಲ್ಲಿ, ಮಾತಿಲ್ಲದೆ, ಸೋಲುತ್ತಲೇ ಒಂದು ಪಾತ್ರ ಕಟ್ಟುವುದು ಎಷ್ಟು ಕಷ್ಟ ಅಂತ ಹವ್ಯಾಸಿ ನಾಟಕ ಮಾಡಿದವರಿಗೆ ಗೊತ್ತು.

ನಡುವೆ ಡಲ್ಲಾಸ್‌ನ ಗ್ಲೋಬಲ್ ರೆಸ್ಲಿಂಗ್ ಫೆಡರೇಷನ್ ಅನ್ನುವ ಸಣ್ಣ ಕಂಪನಿಗೆ ಹೋದ. ಅಲ್ಲಿ ಲೈಟ್ ಹೆವಿವೇಯ್ಟ್ ಚಾಂಪಿಯನ್ ಆದ. ಅದೇ ಮನುಷ್ಯ, ಅದೇ ಪಟ್ಟು. ಮತ್ತೆ ಡಬ್ಲ್ಯುಡಬ್ಲ್ಯುಎಫ್‌ಗೆ ಬಂದ. ಮತ್ತೆ ಸೋಲು ಶುರು.

ಈಗ 1995ಕ್ಕೆ ಬರೋಣ. ಡಬ್ಲ್ಯುಡಬ್ಲ್ಯುಎಫ್‌ಗೆ ಕಷ್ಟದ ವರ್ಷ. ಹೋಗನ್ ಆಗಲೇ ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯುಗೆ ಹೋಗಿದ್ದ. ಹೊಸಬರಲ್ಲಿ ಸ್ಕಿಪ್ ಅಂತ ಒಬ್ಬನಿದ್ದ, ನಿಜ ಹೆಸರು ಕ್ರಿಸ್ ಕ್ಯಾಂಡಿಡೊ. ಪಾತ್ರ ಏನೆಂದರೆ ಫಿಟ್‌ನೆಸ್ ಗುರು. ನೀವೆಲ್ಲ ಬೊಜ್ಜು ಬೆಳೆಸಿದ ಸೋಮಾರಿಗಳು ಅಂತ ಜನರನ್ನು ಬೈಯುವುದು, ರಿಂಗಿನ ನಡುವೆ ಕಸರತ್ತು ಮಾಡಿ ತೋರಿಸುವುದು. ಜೊತೆಗೆ ಸನ್ನಿ ಅನ್ನುವ ಮ್ಯಾನೇಜರ್. ಜುಲೈ 9ರಂದು ಪ್ರಸಾರವಾದ ಕಾರ್ಯಕ್ರಮದಲ್ಲಿ ಸ್ಕಿಪ್ ಎದುರಿಗೆ ಹೊರೊವಿಟ್ಜ್. ಫಲಿತಾಂಶ ಎಲ್ಲರಿಗೂ ಗೊತ್ತಿದ್ದದ್ದೇ. ಸ್ಕಿಪ್ ಹೊಡೆದ, ತುಳಿದ, ಆಮೇಲೆ ಪೋಸು ಕೊಡುತ್ತಾ ಮೈಮರೆತ. ಹೊರೊವಿಟ್ಜ್ ಅವನನ್ನು ಹಿಡಿದು ಸುತ್ತಿ ಭುಜ ನೆಲಕ್ಕೆ ಒತ್ತಿದ. ಒಂದು, ಎರಡು, ಮೂರು. ಕಾಮೆಂಟರಿಯವನು "ಹೊರೊವಿಟ್ಜ್ ವಿನ್ಸ್! ಹೊರೊವಿಟ್ಜ್ ವಿನ್ಸ್!" ಅಂತ ಗಂಟಲು ಹರಿಯುವ ಹಾಗೆ ಕೂಗಿದ.

ಅಲ್ಲಿಗೆ ನಿಲ್ಲಲಿಲ್ಲ. ಅದು ಆಕಸ್ಮಿಕ, ಹತ್ತು ನಿಮಿಷದಲ್ಲಿ ಮುಗಿಸುತ್ತೇನೆ ಅಂದ ಸ್ಕಿಪ್. ಮುಗಿಸಲು ಆಗಲಿಲ್ಲ. ಆಗಸ್ಟ್ 27ರಂದು ಪಿಟ್ಸ್‌ಬರ್ಗ್‌ನಲ್ಲಿ ಸಮ್ಮರ್‌ಸ್ಲ್ಯಾಮ್. ಕಂಪನಿಯ ವರ್ಷದ ದೊಡ್ಡ ಜಾತ್ರೆಗಳಲ್ಲಿ ಒಂದು. ಅಲ್ಲಿ ಜಪಾನಿನ ಪೈಲ್ವಾನ್ ಹಕುಶಿ ನಡುವೆ ನುಗ್ಗಿ ಸ್ಕಿಪ್ ಗಮನ ತಪ್ಪಿಸಿದ, ಹೊರೊವಿಟ್ಜ್ ಮತ್ತೆ ಗೆದ್ದ. ಆ ದಿನಗಳಲ್ಲಿ ಅವನಿಗೆ ಪ್ರವೇಶದ ಹಾಡೂ ಬಂತು, ಯಹೂದಿ ಮದುವೆಗಳಲ್ಲಿ ಕುಣಿಯುವ 'ಹಾವಾ ನಗೀಲಾ'. ಹಿಂದೆ ಅವನು ರಿಂಗಿನಲ್ಲಿ ಮೊದಲೇ ನಿಂತಿರುತ್ತಿದ್ದ, ಎದುರಿನವನು ಹಾಡಿನ ಜೊತೆ ಬರುತ್ತಿದ್ದ. ಈಗ ಇವನು ನಡೆದು ಬರುವುದನ್ನೂ ಜನ ನೋಡಿದರು. ನನಗೆ ಕೇಳಿದರೆ ಗೆಲುವಿಗಿಂತ ದೊಡ್ಡ ಬಡ್ತಿ ಇದು. ಗುರು ಮಲೆಂಕೊ ಇದನ್ನು ನೋಡಲು ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದ.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ಹೊಡೆಯುತ್ತಾರೆ. ನನಗೆ ಕುತೂಹಲ ಇರುವುದು ಮುಂದಿನ ವಾರದ ಬಗ್ಗೆ. ಪಿಟ್ಸ್‌ಬರ್ಗ್ ಗೆಲುವಾಗಿ ಎಂಟೇ ದಿನಕ್ಕೆ, ಸೆಪ್ಟೆಂಬರ್ 4ರಂದು, ಡಬ್ಲ್ಯುಸಿಡಬ್ಲ್ಯು 'ನೈಟ್ರೊ' ಅನ್ನುವ ವಾರದ ಕಾರ್ಯಕ್ರಮ ಶುರು ಮಾಡಿತು. ಸೋಮವಾರ ರಾತ್ರಿ, ಡಬ್ಲ್ಯುಡಬ್ಲ್ಯುಎಫ್‌ನ ವಾರದ ಕಾರ್ಯಕ್ರಮ 'ರಾ' ಬರುವ ಹೊತ್ತಿಗೇ. ಅವರು ಮೊದಲ ದಿನದಿಂದಲೇ ದೊಡ್ಡವರ ಎದುರು ದೊಡ್ಡವರನ್ನು ಪುಕ್ಕಟೆ ಟಿವಿಯಲ್ಲಿ ಬಿಟ್ಟರು. ಎರಡು ಚಾನೆಲ್, ಕೈಯಲ್ಲಿ ರಿಮೋಟು. ಫಲಿತಾಂಶ ಗೊತ್ತಿರುವ ಮೂರು ನಿಮಿಷದ ಆಟವನ್ನು ಯಾರು ನೋಡುತ್ತಾ ಕೂರುತ್ತಾರೆ? ಒಂದೆರಡು ವರ್ಷದಲ್ಲಿ 'ರಾ' ಕೂಡ ಅದೇ ದಾರಿ ಹಿಡಿಯಿತು. ಸ್ಕ್ವಾಷ್ ಪಂದ್ಯಗಳು ಮುಖ್ಯ ಕಾರ್ಯಕ್ರಮಗಳಿಂದ ಹೆಚ್ಚುಕಡಿಮೆ ಮಾಯವಾದವು. ಟಿವಿಯೇ ಸರಕಾದ ಮೇಲೆ ಜಾಹೀರಾತಿಗೆ ಅಂತ ಸೋಲುವವನು ಯಾಕೆ ಬೇಕು?

ಹೊರೊವಿಟ್ಜ್ ಗೆದ್ದದ್ದು ಸೋಲುವ ಕಸುಬು ಮುಚ್ಚಿಹೋಗುವ ಹೊತ್ತಿನಲ್ಲಿ. ಗೆಲ್ಲುವವರ ಸಾಲಿನಲ್ಲಿ ಅವನಿಗೆ ಜಾಗ ಇರಲಿಲ್ಲ. ಎತ್ತರ ಇಲ್ಲ, ಮೈಕಿನ ಮಾತು ಇಲ್ಲ, ವಯಸ್ಸೂ ಮೂವತ್ತೈದು ದಾಟಿತ್ತು. ಆ ನವೆಂಬರ್‌ನ ಸರ್ವೈವರ್ ಸೀರೀಸ್‌ನಲ್ಲಿ 'ಅಂಡರ್‌ಡಾಗ್ಸ್' ಅಂತ ನಾಲ್ವರ ತಂಡದಲ್ಲಿ ಆಡಿದ, ಒಬ್ಬನನ್ನು ಚಿತ್ ಮಾಡಿಯೇ ಹೊರಬಿದ್ದ. ಕೊನೆಗೆ ಉಳಿದು ಗೆದ್ದವನು ಎದುರು ತಂಡದ 1-2-3 ಕಿಡ್. ಇದರಲ್ಲೊಂದು ತಮಾಷೆ ಇದೆ. ಕಿಡ್ ಕೂಡ 1993ರಲ್ಲಿ ಈ ಕಂಪನಿಗೆ ಬಂದಾಗ ಬರೀ ಸೋಲುವ ಹುಡುಗ. ಆ ಮೇ ತಿಂಗಳಲ್ಲಿ ದೊಡ್ಡ ಸ್ಟಾರ್ ರೇಜರ್ ರಮೋನ್‌ನನ್ನು ಸೋಲಿಸಿ ರಾತ್ರೋರಾತ್ರಿ ಹೆಸರು ಮಾಡಿದವನು. ಅವನೂ ಕಲಿತದ್ದು ಟ್ಯಾಂಪಾದ ಮಲೆಂಕೊಗಳ ಹತ್ತಿರವೇ. ಒಂದೇ ಗರಡಿಯ ಇಬ್ಬರು. ಆದರೆ ಕಿಡ್‌ಗೆ ಆಗ ಇಪ್ಪತ್ತು ವರ್ಷ. ಕಂಪನಿ ಅವನನ್ನು ಬೆಳೆಸಲು ಗೆಲ್ಲಿಸಿತ್ತು. ಹೊರೊವಿಟ್ಜ್‌ನನ್ನು ಗೆಲ್ಲಿಸಿದ್ದು ಮುಖ್ಯವಾಗಿ ಸ್ಕಿಪ್‌ನ ಜಂಬ ಮುರಿದು ನಗಿಸಲು ಅಂತ ನನ್ನ ಅನಿಸಿಕೆ.

"ಆಮೇಲೆ ಏನಾದ ಸಾರ್?" ಅಂತ ಹಿಂದಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದರು.

ಡಬ್ಲ್ಯುಸಿಡಬ್ಲ್ಯುಗೆ ಹೋದ. ಅಲ್ಲಿ ವಾರಾಂತ್ಯದ ಸಣ್ಣ ಕಾರ್ಯಕ್ರಮಗಳಲ್ಲಿ ಇನ್ನೂ ಸೋಲುವವರು ಬೇಕಾಗಿತ್ತು. 2001ರ ಮಾರ್ಚ್‌ನಲ್ಲಿ ಆ ಕಂಪನಿಯನ್ನು ಮೆಕ್‌ಮೆಹನ್ ಕೊಂಡುಕೊಂಡ, ಆ ಬಾಗಿಲೂ ಮುಚ್ಚಿತು. ಹೊರೊವಿಟ್ಜ್ ಆಮೇಲೂ ಸಣ್ಣ ಸಣ್ಣ ಕಂಪನಿಗಳ ಆಟಗಳಲ್ಲಿ ಕಾಣಿಸಿಕೊಂಡ. ಸ್ಕಿಪ್ ಆಗಿದ್ದ ಕ್ಯಾಂಡಿಡೊ 2005ರಲ್ಲಿ ತೀರಿಕೊಂಡ, ಕಾಲಿನ ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಕ್ಕೆ. ವಯಸ್ಸು 33.

ಗರಡಿಯ ಯಜಮಾನರು ಮತ್ತೆ ಕೈ ಎತ್ತಿದರು. "ಅದೆಲ್ಲ ಬಿಡು. ಮೇಷ್ಟ್ರು ನಿಜವಾದ ಪಟ್ಟು ಕಲಿಸಿದ್ರು ಅಂದೆಯಲ್ಲ. ಅದನ್ನ ಎಲ್ಲಾದ್ರೂ ಬಳಸ್ತಿದ್ನಾ, ಇಲ್ಲ ಬರೀ ಬೀಳೋದೇನಾ?"

ಬಳಸುವ ಹಾಗೆ ಗೊತ್ತಿರಬೇಕು, ಬಳಸಬಾರದು, ಅದೇ ಆ ಕಸುಬಿನ ಲೆಕ್ಕ ಅಂದೆ. ಎದುರಿನವನು ಬೇಕಂತಲೇ ಗಟ್ಟಿಯಾಗಿ ಹೊಡೆಯಲು ಶುರು ಮಾಡಿದರೆ ಕೈ ಹಿಡಿದು ಒಂದು ಚೂರು ತಿರುವಿದರೆ ಸಾಕು, ಅವನಿಗೆ ಅರ್ಥ ಆಗುತ್ತದೆ. ಜನರಿಗೆ ಗೊತ್ತೇ ಆಗುವುದಿಲ್ಲ. ಮಲೆಂಕೊ ಹತ್ತಿರ ಕಲಿತವರಿಗೆ ಆ ಕೈ ಇತ್ತು.

"ತೂಕ ಎಷ್ಟು?"

ಸುಮಾರು ನೂರು ಕಿಲೊ.

"ಹಂಗಾದ್ರೆ ಜೋಡಿ ಕಟ್ಟಬಹುದು" ಅಂದರು.